ಬೋರ್‌ವೆಲ್ ಕೆಟ್ಟರೆ ಯಾರನ್ನ ಕೇಳೋದು ಸ್ವಾಮಿ?

ಕರ್ನಾಟಕದ ಜಿಲ್ಲಾ, ತಾಲ್ಲೂಕು ಪಂಚಾಯ್ತಿಗಳಿಗೆ 2016ರಲ್ಲಿ ಚುನಾವಣೆ ಆಯ್ತು. 2021ಕ್ಕೆ ಐದು ವರ್ಷದ ಅವಧಿ ಮುಗೀತು. ಅವಧಿ ಮುಗಿಯುವ ಮೊದಲೇ ಹೊಸ ಚುನಾವಣೆ ಆಗಬೇಕೆಂದು ಸಂವಿಧಾನವೇ ಹೇಳುತ್ತದೆ. ಆದರೆ ಕ್ಷೇತ್ರ ವಿಂಗಡಣೆ, ಮೀಸಲಾತಿ, ಕೋರ್ಟು ಎನ್ನುತ್ತಲೇ 2024 ಕೂಡ ಕಳೆದುಹೋಯಿತು, ಚುನಾವಣೆ ನಡೆಯಲಿಲ್ಲ. ಅಷ್ಟೂ ಕಾಲ ಅಧಿಕಾರಿಗಳದ್ದೇ ದರ್ಬಾರು.

ಅವರಲ್ಲೂ ಒಳ್ಳೆಯವರಿದ್ದಾರೆ, ಇಲ್ಲವೆನ್ನುವುದಿಲ್ಲ. ಆದರೆ ವರ್ಗವಾದರೆ ಅವರು ಊರು ಬಿಟ್ಟು ಹೋಗುತ್ತಾರೆ. ಮೆಂಬರು ಹಾಗಲ್ಲ, ನಮ್ಮ ಅಂಗಡಿ ಮುಂದೆಯೇ ಓಡಾಡಬೇಕು, ಬಸ್‌ಸ್ಟ್ಯಾಂಡಿನಲ್ಲಿ ನಾಲ್ಕು ಜನ ‘ನೀರೆಲ್ಲಿ?’ ಅಂದರೆ ಉತ್ತರ ಹೇಳಬೇಕು.

ಅಬ್ದುಲ್ ನಜೀರ್ ಸಾಬರ ಕಾಲದಲ್ಲಿ, 1987ರಲ್ಲಿ, ಜಿಲ್ಲಾ ಪರಿಷತ್ತುಗಳಿಗೆ ಅಧಿಕಾರ ಕೊಟ್ಟು ದೇಶಕ್ಕೇ ದಾರಿ ತೋರಿದ್ದು ಇದೇ ರಾಜ್ಯ. ವೋಟು ಕೇಳಲು ಬರುವ ಶಾಸಕರಿಗೆ ಒಂದೇ ಪ್ರಶ್ನೆ ಹಾಕಿ: ನಿಮ್ಮ ಚುನಾವಣೆ ಒಂದು ದಿನ ತಪ್ಪೋದಿಲ್ಲ, ನಮ್ಮದು ಮಾತ್ರ ಯಾಕೆ ತಪ್ಪಿತು?