ಮೆಡಿಕಲ್‌ ಅಂಗಡಿಯ ಕತ್ತರಿ ಮತ್ತು ಅಜ್ಜಿಯ ಕಿಡ್ನಿ

"ಮೊಣಕಾಲು ನೋವು, ಎರಡು ಮಾತ್ರೆ ಕೊಡಪ್ಪ" ಎಂದು ಅಜ್ಜಿ ಕೇಳಿದರೆ ಸಾಕು, ನಮ್ಮ ಮೆಡಿಕಲ್‌ ಅಂಗಡಿಗಳಲ್ಲಿ ಕತ್ತರಿ ಕೈಗೆ ಬರುತ್ತದೆ. ಶೀಟಿನಿಂದ ಎರಡು ಮಾತ್ರೆ ಕತ್ತರಿಸಿ ಕೊಟ್ಟರೆ ಮುಗಿಯಿತು. ಬಿಪಿ ಇದೆಯಾ, ಶುಗರ್ ಇದೆಯಾ, ಎಷ್ಟು ದಿನದಿಂದ ನುಂಗುತ್ತಿದ್ದೀರಿ ಎಂಬ ಮಾತೇ ಇಲ್ಲ. ಮಾತ್ರೆಯ ಹೆಸರು, ಎಚ್ಚರಿಕೆ ಎಲ್ಲ ಅಂಗಡಿಯಲ್ಲಿ ಉಳಿದ ತುಂಡಿನ ಮೇಲಿರುತ್ತದೆ. ಅದೂ ಇಂಗ್ಲಿಷಿನಲ್ಲಿ.

ಹೀಗೆ ಕೈಗೆ ಬರುವ ಮಾತ್ರೆಗಳಲ್ಲಿ ಡೈಕ್ಲೋಫೆನಾಕ್ ಒಂದು. ಅದು ಷೆಡ್ಯೂಲ್ ಎಚ್ ಔಷಧಿ, ಅಂದರೆ ಡಾಕ್ಟರ ಚೀಟಿ ಇಲ್ಲದೆ ಮಾರುವ ಹಾಗಿಲ್ಲ. ನೋವು, ಊತ ಇಳಿಸುತ್ತದೆ, ನಿಜ. ಸವೆದ ಕೀಲನ್ನು ಮಾತ್ರ ಸರಿಮಾಡುವುದಿಲ್ಲ. ನೋವು ತರುವ ಪ್ರೊಸ್ಟಾಗ್ಲಾಂಡಿನ್ ಎಂಬ ರಾಸಾಯನಿಕವನ್ನು ಅದು ತಡೆಯುತ್ತದೆ. ತೊಂದರೆ ಏನೆಂದರೆ, ಹೊಟ್ಟೆಯ ಒಳಪದರ ಕಾಯುವುದೂ ಕಿಡ್ನಿಗೆ ರಕ್ತ ಹರಿಸಲು ನೆರವಾಗುವುದೂ ಅದೇ ರಾಸಾಯನಿಕ.

"ಊಟ ಮಾಡಿ ನುಂಗಿದರೆ ಏನೂ ಆಗಲ್ಲ" ಅನ್ನುತ್ತಾರೆ. ಊಟದಿಂದ ಹೊಟ್ಟೆಯುರಿ ಕಡಿಮೆಯಾಗಬಹುದು, ಹುಣ್ಣಿನ ಭಯ ಹೋಗುವುದಿಲ್ಲ. "ಹಾಗಾದರೆ ಇಂಜೆಕ್ಷನ್ ಹಾಕಿಸ್ಕೊಳ್ಳಿ" ಅನ್ನುವವರೂ ಇದ್ದಾರೆ. ಸೂಜಿಯಲ್ಲಿ ಹೋದರೂ ಔಷಧಿ ಸೇರುವುದು ಅದೇ ರಕ್ತಕ್ಕೆ.

ಬಿಸಿಲಲ್ಲಿ ದಿನವಿಡೀ ಕಳೆ ಕಿತ್ತು, ಸರಿಯಾಗಿ ನೀರು ಕುಡಿಯದೆ, ಸಂಜೆ ಬಿಪಿ ಮಾತ್ರೆಯ ಜೊತೆ ನೋವಿನ ಮಾತ್ರೆ ನುಂಗುವವರು ನಮ್ಮಲ್ಲಿ ಎಷ್ಟು ಜನ! ಕಿಡ್ನಿಗೆ ಇದಕ್ಕಿಂತ ಕೆಟ್ಟ ಹೊತ್ತು ಬೇಡ. ಕೆಲವು ಬಿಪಿ ಮಾತ್ರೆ, ಮೂತ್ರ ಹೆಚ್ಚಿಸುವ ಮಾತ್ರೆಗಳ ಜೊತೆ ಇದು ಸೇರಿದರೆ ಕಿಡ್ನಿ ಏಕಾಏಕಿ ಕೈಕೊಡಬಹುದು. ಹೃದಯದ ಕಾಯಿಲೆ ಇದ್ದವರಿಗಂತೂ ಡೈಕ್ಲೋಫೆನಾಕ್ ಸಲ್ಲದು.

ದನಗಳಿಗೆ ಕೊಟ್ಟ ಇದೇ ಔಷಧಿಯಿಂದ, ಸತ್ತ ದನ ತಿಂದ ರಣಹದ್ದುಗಳು ಕಿಡ್ನಿ ಕೆಟ್ಟು ನಾಶವಾದವು. ಅದಕ್ಕೇ 2006ರಲ್ಲಿ ದನಗಳಿಗೆ ಇದನ್ನು ನಿಷೇಧಿಸಿದರು. ಮನುಷ್ಯರ ದೊಡ್ಡ ಇಂಜೆಕ್ಷನ್ ಬಾಟಲಿ ದನಗಳಿಗೆ ಬಳಕೆಯಾಗುತ್ತದೆಂದು 2015ರಲ್ಲಿ ಅದನ್ನೂ 3 ಎಂ.ಎಲ್.ಗೆ ಇಳಿಸಿದರು. ಮನುಷ್ಯನ ದೇಹ ಹದ್ದಿನಷ್ಟು ಸೂಕ್ಷ್ಮವಲ್ಲ, ಒಪ್ಪೋಣ. ಆದರೂ ಹದ್ದಿಗಾಗಿ ಎಚ್ಚೆತ್ತ ಕಾನೂನು ಅಜ್ಜಿಯ ಕೈಗೆ ಬರುವ ಮಾತ್ರೆಯ ವಿಷಯದಲ್ಲಿ ಯಾಕೆ ನಿದ್ದೆ ಮಾಡುತ್ತಿದೆ?

"ಡಾಕ್ಟರ ಹತ್ತಿರ ಹೋದರೆ ಒಂದು ದಿನದ ಕೂಲಿ ಹೋಗುತ್ತೆ, ನಾವು ಕೊಡದಿದ್ದರೆ ಅವರು ನರಳಬೇಕಾ?" ಎಂದು ಅಂಗಡಿಯವರು ಕೇಳುತ್ತಾರೆ. ಕೂಲಿಯ ಮಾತು ಖರೆ. ಆದರೆ ಬಿಪಿ, ಶುಗರ್ ಇದೆಯಾ ಎಂದು ಕೇಳಲು ಯಾರ ಕೂಲಿಯೂ ಹೋಗುವುದಿಲ್ಲ. ಮೊಣಕಾಲಿಗೆ ಮೊದಲು ಹಚ್ಚುವ ಜೆಲ್ ಕೊಡಬಹುದು. ಅದರಲ್ಲಿ ರಕ್ತಕ್ಕೆ ಸೇರುವ ಔಷಧಿ ಬಹಳ ಕಡಿಮೆ. ತೊಡೆಯ ಸ್ನಾಯು ಗಟ್ಟಿಮಾಡುವ ವ್ಯಾಯಾಮವೂ ನೋವು ತಗ್ಗಿಸುತ್ತದೆ, ಅದನ್ನು ಮಾರಲು ಬರುವುದಿಲ್ಲವಲ್ಲ!

ಮನೆಯಲ್ಲಿ ಯಾರಾದರೂ ಇಂಥ ಮಾತ್ರೆ ದಿನಾ ನುಂಗುತ್ತಿದ್ದರೆ ಅದರ ಹೆಸರು ಬರೆಸಿಕೊಂಡು, ಬಿಪಿ ಮಾತ್ರೆಯ ಶೀಟೂ ಹಿಡಿದು ಸರ್ಕಾರಿ ಆಸ್ಪತ್ರೆಗೆ ಹೋಗಿ. ಕ್ರಿಯಾಟಿನಿನ್ ರಕ್ತಪರೀಕ್ಷೆ ಮಾಡಿ ಎಂದು ಕೇಳಿ. ಮಲ ಡಾಂಬರಿನಂತೆ ಕಪ್ಪಾದರೆ, ಕಾಲು ಊದಿದರೆ, ಮೂತ್ರ ಕಡಿಮೆಯಾದರೆ ಮಾತ್ರೆ ನಿಲ್ಲಿಸಿ ಅವತ್ತೇ ಹೊರಡಿ. ಔಷಧ ಇನ್ಸ್‌ಪೆಕ್ಟರರು ಯಾವತ್ತು ಹೊರಡುತ್ತಾರೆ ಎಂಬುದನ್ನು ಅವರೇ ಹೇಳಬೇಕು.