ಬೀದಿಯ ಕೆಳಗಿನ ಹೊಳೆ

ನಗರದ ಗೃಹಸ್ಥರಿಗೆ ನೀರು ಬರುವ ದಾರಿಯ ಮೇಲಿರುವ ಗಮನ ನೀರು ಹೋಗುವ ದಾರಿಯ ಮೇಲಿರುವುದಿಲ್ಲ. ನಲ್ಲಿ ಒಂದು ಹೊತ್ತು ನಿಂತರೆ ಬೀದಿಯೆಲ್ಲ ಗದ್ದಲವೇಳುತ್ತದೆ. ಬಚ್ಚಲಿನಿಂದ ಹೊರಟ ನೀರು ಎಲ್ಲಿ ಸೇರಿತೆಂದು ವಿಚಾರಿಸುವವರು ವಿರಳ. ಬಚ್ಚಲಿನ ಜಾಲರಿಯನ್ನು ದಾಟಿದ ನೀರಿಗೂ ಮನೆಗೂ ಋಣ ಹರಿಯಿತೆಂಬುದೇ ಎಲ್ಲರ ಭಾವನೆ. ಆ ಋಣ ಅಷ್ಟು ಸುಲಭವಾಗಿ ಹರಿಯತಕ್ಕದ್ದಲ್ಲವೆಂಬುದನ್ನು 2025ರಲ್ಲಿ ಜಪಾನಿನ ಯಾಶಿಯೊ ನಗರ ಕಂಡುಕೊಂಡಿತು.

ಯಾಶಿಯೊ ಇರುವುದು ಟೋಕಿಯೊಗೆ ಹೊಂದಿಕೊಂಡ ಸೈತಾಮ ಪ್ರಾಂತದಲ್ಲಿ. ಜನವರಿ 28ರಂದು ಬೆಳಿಗ್ಗೆ ಹತ್ತು ಗಂಟೆಗೆ ಕೊಂಚ ಮೊದಲು, ಅಲ್ಲಿಯ ಕೂಡುರಸ್ತೆಯೊಂದರಲ್ಲಿ ನೆಲ ಹಠಾತ್ತನೆ ಕುಸಿಯಿತು. ಸುಮಾರು ಹತ್ತು ಮೀಟರ್ ಅಗಲದ ಆ ಗುಂಡಿಗೆ ಲಾರಿಯೊಂದು ಚಾಲಕನ ಸಮೇತ ಉರುಳಿತು. ರಸ್ತೆಯಿಂದ ಸುಮಾರು ಹತ್ತು ಮೀಟರ್ ಕೆಳಗೆ ಒಳಚರಂಡಿಯ ಮುಖ್ಯ ಕೊಳವೆ ಹಾದುಹೋಗಿತ್ತು. ಅದರ ವ್ಯಾಸ 4.75 ಮೀಟರ್, ಲಾರಿಯೊಂದು ಸಲೀಸಾಗಿ ಹಿಡಿಯುವಷ್ಟು. 1983ರಿಂದ ಹಗಲಿರುಳೂ ದುಡಿದಿದ್ದ ಆ ಕೊಳವೆ ಒಡೆದು, ಮೇಲಿನ ಮಣ್ಣು ಅದರೊಳಕ್ಕೆ ಜಾರಿ, ರಸ್ತೆಯ ಕೆಳಗೆಲ್ಲ ಪೊಳ್ಳಾಗಿತ್ತು.

ಕಾಂಕ್ರೀಟ್ ಕೊಳವೆ ಒಡೆಯುವುದಾದರೂ ಹೇಗೆ? ಕೊಳಚೆ ನೀರಿನಲ್ಲಿ ಬದುಕುವ ಸೂಕ್ಷ್ಮಜೀವಿಗಳು ಹೈಡ್ರೊಜನ್ ಸಲ್ಫೈಡ್ ಎಂಬ ಅನಿಲವನ್ನು ಹೊರಡಿಸುತ್ತವೆ. ಕೊಳೆತ ಮೊಟ್ಟೆಯ ನಾತಕ್ಕೆ ಕಾರಣವಾದ ಅನಿಲವೂ ಇದೇ. ಅದು ಮೇಲೇರಿ ಕೊಳವೆಯ ಒದ್ದೆ ನೆತ್ತಿಯನ್ನು ತಲಪಿದಾಗ, ಅಲ್ಲಿ ನೆಲೆಸಿರುವ ಬೇರೊಂದು ಜಾತಿಯ ಸೂಕ್ಷ್ಮಜೀವಿಗಳು ಅದನ್ನು ಗಂಧಕಾಮ್ಲವನ್ನಾಗಿ ಮಾರ್ಪಡಿಸುತ್ತವೆ. ಆ ಆಮ್ಲ ವರ್ಷಾನುವರ್ಷ ಕಾಂಕ್ರೀಟನ್ನು ತಿನ್ನುತ್ತದೆ. ಹರಿಯುವ ನೀರಿನಿಂದ ಸವೆಯುವುದಕ್ಕಿಂತ, ನೀರು ಮುಟ್ಟದ ಮೇಲ್ಭಾಗವೇ ಹೀಗೆ ಹೆಚ್ಚು ಶಿಥಿಲವಾಗುವುದೊಂದು ವಿಚಿತ್ರ. ಕೆಲವು ವರ್ಷಗಳ ಹಿಂದೆ ನಡೆದ ತಪಾಸಣೆಯಲ್ಲಿ ಈ ಕೊಳವೆಗೆ ತುರ್ತು ದುರಸ್ತಿಯ ಅಗತ್ಯ ಕಂಡುಬಂದಿರಲಿಲ್ಲ.

ಒಡೆದುದನ್ನು ಅಗೆದು ಸರಿಪಡಿಸಿದರಾಯಿತೆಂದು ತೋರಬಹುದು. ಆದರೆ ದುರಸ್ತಿಗೆ ಮೊದಲು ನೀರು ನಿಲ್ಲಬೇಕು. ಒಳಚರಂಡಿಯ ನೀರಿಗೆ ನಲ್ಲಿಯಿಲ್ಲ. ಗುಂಡಿಯೊಳಕ್ಕೆ ಕೊಳಚೆ ಹರಿಯುತ್ತಲೇ ಇದ್ದಿತು. ದಡಗಳು ಮತ್ತೆ ಮತ್ತೆ ಕುಸಿದವು. ಪಕ್ಕದಲ್ಲೇ ಬಾಯ್ದೆರೆದ ಇನ್ನೊಂದು ಗುಂಡಿ ಮೊದಲನೆಯದರೊಡನೆ ಕೂಡಿಕೊಂಡಿತು. ರಕ್ಷಣೆಗೆಂದು ಬಂದವರು ಚಾಲಕನ ಬಳಿಗೆ ಇಳಿಯುವುದೇ ದುಸ್ತರವಾಯಿತು.

ಆಗ ಅಧಿಕಾರಿಗಳು ಹನ್ನೆರಡು ಊರುಗಳ ಸುಮಾರು 12 ಲಕ್ಷ ಜನರಲ್ಲಿ ಬಿನ್ನವಿಸಿಕೊಂಡರು: ಸ್ನಾನವನ್ನೂ ಬಟ್ಟೆ ಒಗೆಯುವುದನ್ನೂ ಆದಷ್ಟು ಕಡಿಮೆ ಮಾಡಿರಿ. ಬಿಸಿನೀರಿನ ತೊಟ್ಟಿಯಲ್ಲಿ ಕುಳಿತು ಮೀಯುವುದು ಜಪಾನೀಯರಿಗೆ ಪ್ರಿಯವಾದ ನಿತ್ಯದ ಸುಖ. ಅದೂ ಜನವರಿಯ ಚಳಿ. ಗುಂಡಿಯನ್ನು ಕಣ್ಣಾರೆ ಕಾಣದ ದೂರದ ಊರಿನ ಗೃಹಿಣಿಯೂ ಮಗುವಿನ ಬಟ್ಟೆಯನ್ನು ಇಂದು ಒಗೆಯುವುದೋ ನಾಳೆಗಿಡುವುದೋ ಎಂದು ಯೋಚಿಸಬೇಕಾಯಿತು. ಹನಿಗೂಡಿ ಹಳ್ಳ ಎಂಬ ಮಾತು ಅಲ್ಲಿ ಅಕ್ಷರಶಃ ನಿಜವಾಗಿತ್ತು. ಈ ನಿರ್ಬಂಧ ಮುಗಿದುದು ಫೆಬ್ರವರಿ 12ರಂದು. ಈ ನಡುವೆ ಒಂದಷ್ಟು ಕೊಳಚೆಯನ್ನು ಮೇಲ್ಗಡೆಯ ಊರೊಂದರಲ್ಲಿಯೇ ಎತ್ತಿ, ಕ್ಲೋರಿನ್ ಬೆರೆಸಿ ನದಿಗೆ ಬಿಡಬೇಕಾಯಿತು. ನದಿಯನ್ನು ಕಾಯುವುದೋ ಮನುಷ್ಯನನ್ನು ಹುಡುಕುವುದೋ ಎಂಬ ಪ್ರಶ್ನೆ ಎದುರಾದಾಗ ಬೇರೆ ಉಪಾಯವಿರಲಿಲ್ಲ.

ಫೆಬ್ರವರಿಯಲ್ಲಿ ಡ್ರೋನ್ ಯಂತ್ರವೊಂದು ಕೊಳವೆಯ ಒಳಗೆ, ಕುಸಿದ ಸ್ಥಳಕ್ಕಿಂತ ಕೆಳಗಡೆ, ಲಾರಿಯ ಮುಂಭಾಗದಂತೆ ತೋರುವ ವಸ್ತುವನ್ನು ಕಂಡುಹಿಡಿಯಿತು. ಅಲ್ಲಿಗೆ ಹೋಗಬೇಕಾದರೂ ಮೊದಲು ನೀರಿಗೊಂದು ಬಳಸುದಾರಿಯನ್ನು ನಿರ್ಮಿಸಬೇಕಾಗಿತ್ತು. ಅದು ತಿಂಗಳುಗಳ ಕೆಲಸ. ಚಾಲಕನ ದೇಹವನ್ನು ಹೊರತಂದುದು ಮೇ 2ರಂದು. ಬೆಳಿಗ್ಗೆ ಕೆಲಸದ ಮೇಲೆ ಹೊರಟಿದ್ದವನು ತನ್ನವರಿಗೆ ದೊರೆಯುವ ವೇಳೆಗೆ ಚಳಿಗಾಲ ಕಳೆದು ವಸಂತವೂ ಮುಗಿಯುತ್ತ ಬಂದಿತ್ತು.

ಈ ದುರಂತದ ಬಳಿಕ ಇಂಥ ದೊಡ್ಡ ಕೊಳವೆಗಳನ್ನು ಪರೀಕ್ಷಿಸಲು ಜಪಾನ್ ಸರ್ಕಾರ ಆದೇಶವಿತ್ತಿತು. ಹೊಸ ರಸ್ತೆಗೆ ಉದ್ಘಾಟನೆಯುಂಟು, ಹಾರತುರಾಯಿಗಳುಂಟು; ಹಳೆಯ ಚರಂಡಿಯ ತಪಾಸಣೆಗೆ ಅವೊಂದೂ ಇಲ್ಲ. ತೆರಿಗೆಯ ಹಣ ನೆಲದಡಿಗೆ ಹೋಯಿತೆಂದು ಗೊಣಗುವುದು ಎಲ್ಲ ದೇಶಗಳ ನಾಗರಿಕರಿಗೂ ಸಹಜ. ಆದರೆ ಆ ಹಣದ ಮೇಲೆಯೇ ಅವರು ನಿತ್ಯವೂ ನಡೆದಾಡುತ್ತಾರೆ.