ಚಳಿಗೆ ಮದ್ದು ಹೀಟರಲ್ಲ, ಚಾವಣಿ

ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿರುವ ಬೆಂಗಳೂರಿಗೆ ಚಳಿ ಹೊಸದಲ್ಲ. 1884ರ ಜನವರಿಯಲ್ಲಿ ಅಲ್ಲಿ 7.8 ಡಿಗ್ರಿ ಸೆಲ್ಸಿಯಸ್ ದಾಖಲಾಗಿತ್ತು. ಈಗ ಡಿಸೆಂಬರ್-ಜನವರಿಯ ಕನಿಷ್ಠ ಉಷ್ಣಾಂಶದ ಸರಾಸರಿ 16 ಡಿಗ್ರಿಯ ಆಸುಪಾಸಿನಲ್ಲಿದೆ. ಗಟ್ಟಿ ಮನೆಯವರಿಗೆ ಹಿತವೆನಿಸುವ ಈ ಚಳಿ, ಪೀಣ್ಯದ ಮಗ್ಗುಲಿನ ಲಗ್ಗೆರೆಯಲ್ಲಿ ಶೀಟಿನ ಮನೆಗಳಲ್ಲಿಯೂ ಮಹಡಿಯ ಮೇಲಿನ ಒಂಟಿ ಕೋಣೆಗಳಲ್ಲಿಯೂ ಬಾಡಿಗೆಗಿರುವ ಕಾರ್ಮಿಕರ ನಿದ್ದೆಗೆಡಿಸುತ್ತದೆ.

ಕಾರಣ ಹವಾಮಾನಕ್ಕಿಂತ ಹೆಚ್ಚಾಗಿ ಚಾವಣಿಯಲ್ಲಿದೆ. ಮೋಡವಿಲ್ಲದ ರಾತ್ರಿಯಲ್ಲಿ ತೆಳುವಾದ ಶೀಟು ತನ್ನ ಶಾಖವನ್ನು ಆಕಾಶಕ್ಕೆ ಸೂಸಿ, ಸುತ್ತಲಿನ ಗಾಳಿಗಿಂತಲೂ ತಣ್ಣಗಾಗುತ್ತದೆ. ಮಲಗಿದವರ ಉಸಿರಿನ ತೇವ ಅದರ ಒಳಮೈಯಲ್ಲಿ ಹನಿಗಟ್ಟುತ್ತದೆ. ಶೀಟಿಗೂ ಗೋಡೆಗೂ ನಡುವಿನ ಸಂದಿಯಿಂದ ಗಾಳಿ ನುಗ್ಗುತ್ತದೆ. ಇಂತಹ ಕೋಣೆಯನ್ನು ಬಿಸಿಮಾಡುವುದೆಂದರೆ ತೂತು ಕೊಡಕ್ಕೆ ನೀರು ಹೊಯ್ದಂತೆ.

ಆದರೂ ಜನ ಹೊಯ್ಯಲೇಬೇಕಾಗಿದೆ. ಎರಡು ಸಾವಿರ ವಾಟ್‌ನ ಹೀಟರ್ ದಿನಕ್ಕೆ ನಾಲ್ಕು ಗಂಟೆ ಬಿಡುವಿಲ್ಲದೆ ಉರಿದರೆ ಎಂಟು ಯೂನಿಟ್, ತಿಂಗಳಿಗೆ 240. 2023ರಲ್ಲಿ ಆರಂಭವಾದ ಗೃಹಜ್ಯೋತಿ ಯೋಜನೆಯ 200 ಯೂನಿಟ್‌ಗಳ ಗರಿಷ್ಠ ಮಿತಿಯನ್ನು ಅದೊಂದೇ ದಾಟಿಸುತ್ತದೆ. ಮಿತಿ ದಾಟಿದರೆ ಪೂರ್ಣ ಬಿಲ್ಲು ತೆರಬೇಕು. ಹೀಟರ್ ಕೊಳ್ಳಲಾಗದವರು ಪ್ಯಾಕಿಂಗ್ ಮರ, ಪ್ಲೈವುಡ್, ಗಾರ್ಮೆಂಟ್ಸ್ ಚಿಂದಿಗೆ ಬೆಂಕಿಯಿಡುತ್ತಾರೆ. ಅಂಟು, ಬಣ್ಣ, ಪ್ಲಾಸ್ಟಿಕ್ ಸುಟ್ಟ ಹೊಗೆ ಶ್ವಾಸಕೋಶಕ್ಕೆ ವಿಷ. ಮುಚ್ಚಿದ ಕೋಣೆಯಲ್ಲಿಟ್ಟ ಕೆಂಡವಂತೂ ಇನ್ನೂ ಘೋರ: ಬಣ್ಣ-ವಾಸನೆಗಳಿಲ್ಲದ ಕಾರ್ಬನ್ ಮೊನಾಕ್ಸೈಡ್ ನಿದ್ದೆಯಲ್ಲಿಯೇ ಪ್ರಾಣ ತೆಗೆಯುತ್ತದೆ.

ಮಿತವ್ಯಯದ ದಾರಿಯೆಂದರೆ ಕೋಣೆಯನ್ನಲ್ಲ, ಮಲಗುವವರನ್ನು ಬೆಚ್ಚಗಿಡುವುದು. ಎರಡು ಲೀಟರ್ ನೀರನ್ನು 20 ಡಿಗ್ರಿಯಿಂದ 70 ಡಿಗ್ರಿಗೆ ಕಾಯಿಸಲು ಒಂದು ಯೂನಿಟ್‌ನ ಎಂಟನೆಯ ಒಂದು ಭಾಗದಷ್ಟು ವಿದ್ಯುತ್ ಸಾಕು. ಅದನ್ನು ರಬ್ಬರ್ ಚೀಲಕ್ಕೆ ತುಂಬಿ, ಬಟ್ಟೆ ಸುತ್ತಿ ಹೊದಿಕೆಯೊಳಗಿಟ್ಟರೆ ಕೆಲವು ಗಂಟೆ ಬೆಚ್ಚಗಿರುತ್ತದೆ. ಹಸುಗೂಸುಗಳ ಬಳಿ ಮಾತ್ರ ಇಡಬಾರದು. ಸಿಮೆಂಟಿನ ನೆಲ ಮೈಶಾಖವನ್ನು ಹೀರುವುದರಿಂದ ಹೊದಿಕೆಯಷ್ಟೇ ಹಾಸಿಗೆಯೂ ಮುಖ್ಯ. ಬೆಂಕಿಗೆ ಹೋಗುವ ಚಿಂದಿಯಿಂದಲೇ ಉತ್ತರ ಕರ್ನಾಟಕದ ಹೆಂಗಸರು ಹೊಲಿಯುವಂತಹ ಕೌದಿ ಆಗಬಲ್ಲದು. ದಕ್ಖನಿ ಕುರಿಯ ಉಣ್ಣೆಯ ಕಂಬಳಿಯಂತೂ ತುಸು ನೆನೆದರೂ ಬೆಚ್ಚಗಿರುತ್ತದೆ.

ಎರಡನೆಯ ಕೆಲಸ ಚಾವಣಿಯದು. ಮಲೆನಾಡಿನ ಹಳೆಯ ಮನೆಗಳಲ್ಲಿ ಹೆಂಚಿನ ಕೆಳಗೆ ಅಟ್ಟವಿರುತ್ತಿತ್ತು. ಅಟ್ಟದ ಮೇಲಿನ ನಿಶ್ಚಲ ಗಾಳಿ ಚಳಿಗೂ ಬಿಸಿಲಿಗೂ ಅಡ್ಡವಾಗುತ್ತಿತ್ತು. ಶೀಟಿನ ಕೆಳಗೆ ಒಂದು ಅಡಿ ಜಾಗ ಬಿಟ್ಟು ಜಿಪ್ಸಂ ಹಲಗೆಯ ಒಳಚಾವಣಿ ಕೂರಿಸಿದರೆ ಅದೇ ತತ್ತ್ವ ಇಲ್ಲಿಯೂ ಫಲಿಸುತ್ತದೆ. ಥರ್ಮೋಕೋಲ್ ಬೇಗ ಹೊತ್ತಿಕೊಳ್ಳುವುದರಿಂದ ಅದು ಸಲ್ಲದು. ಕಲ್ನಾರಿನ ಶೀಟನ್ನು ಕೊರೆಯಲೂಬಾರದು, ಅದರ ಎಳೆ ಮಾರಕ. ಭಾರವನ್ನು ಗೋಡೆಯೇ ಹೊರಲಿ. ಗೋಡೆಯ ಸಂದಿ ಮುಚ್ಚುವಾಗ ಉಸಿರಾಟಕ್ಕೂ ಗ್ಯಾಸ್ ಒಲೆಗೂ ಗಾಳಿಕಂಡಿ ಉಳಿಸಲೇಬೇಕು.

ಆದರೆ ನಾಳೆ ಖಾಲಿ ಮಾಡಬೇಕಾಗಬಹುದಾದ ಬಾಡಿಗೆದಾರ ಪರರ ಚಾವಣಿಗೆ ಹಣ ಸುರಿಯುವನೇ? ಈ ಹೊಣೆ ಮಾಲೀಕನದು. ಒಳಚಾವಣಿಯಿಲ್ಲದ ಶೀಟಿನ ಕೋಣೆಯನ್ನು ವಾಸಕ್ಕೆ ಬಾಡಿಗೆಗೆ ಕೊಡದಂತೆ ನಿಯಮ ರೂಪಿಸಿ, ಸಣ್ಣ ಮಾಲೀಕರಿಗೆ ಸಾಲ ಒದಗಿಸುವುದು ಸರ್ಕಾರದ ಹೊಣೆ. ಬೇಸಿಗೆಯ ಧಗೆಗೂ ಇದೇ ಮದ್ದು.

ಇದು ನಗರದವರ ತಲೆನೋವೆಂದು ಮಲೆನಾಡು ಸುಮ್ಮನಿರುವಂತಿಲ್ಲ. ಲಿಂಗನಮಕ್ಕಿಯಲ್ಲಿ ಊರುಗಳು ಮುಳುಗಿದ್ದು ವಿದ್ಯುತ್ತಿಗಾಗಿಯೇ. ದಿನದ ಗರಿಷ್ಠ ಬೇಡಿಕೆಯ ಹೆಸರಿನಲ್ಲಿ ಶರಾವತಿ ಕಣಿವೆಗೆ ಈಗ 2,000 ಮೆಗಾವಾಟ್‌ನ ಪಂಪ್ಡ್ ಸ್ಟೋರೇಜ್ ಯೋಜನೆಯನ್ನು ರೂಪಿಸಲಾಗಿದೆ. ಲಗ್ಗೆರೆಯ ಹೀಟರುಗಳೇ ಅದಕ್ಕೆ ಕಾರಣವೆನ್ನುವುದು ಅನ್ಯಾಯ. ಆದರೆ ಸೋರುವ ಮನೆಗಳನ್ನು ಹಾಗೆಯೇ ಬಿಟ್ಟು ಬೇಡಿಕೆ ಹೆಚ್ಚಿತೆಂದು ಕಣಿವೆಗೆ ಕೈಹಾಕುವುದು ಎಂತಹ ನೀತಿ? ಮೊದಲು ಚಾವಣಿ ಆಗಲಿ. ವಿದ್ಯುತ್ತಿನ ಲೆಕ್ಕ ಆಮೇಲೆ.